ಪಾಠವೂ ಪಾಠಾಂತರವೂ: ಸೆಂಟ್ರಲ್ ಕಾಲೇಜಿನ ಅಧ್ಯಾಪಕರು ಮತ್ತು ಪಂಪಭಾರತದ ಸಂಪಾದನೆ

ಲಂಡನ್ ಮಹಾನಗರದ ಪಶ್ಚಿಮದ ಅಂಚಿನಲ್ಲಿರುವ ಅಕ್ಸ್‌ಬ್ರಿಡ್ಜ್ ಪಟ್ಟಣಕ್ಕೆ ಹ್ಯಾರೋ ಕಡೆಯಿಂದ ರೈಲುಮಾರ್ಗ ಬಂದದ್ದು 1904ರಲ್ಲಿ. ಅದಾದ ಎರಡು ವರ್ಷಗಳಿಗೆ ಬೆಂಜಮಿನ್ ಲೂಯಿಸ್ ರೈಸ್ ಅವರು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯಿಂದ ನಿವೃತ್ತರಾದರು. ಬೆಂಗಳೂರಿನಲ್ಲಿ ಹುಟ್ಟಿ, ಕನ್ನಡ ನಾಡಿನ ಸಾವಿರಾರು ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದ ಈ ವಿದ್ವಾಂಸರ ಬದುಕು ಕೊನೆಗೊಂಡದ್ದು ಅದೇ ಹ್ಯಾರೋದಲ್ಲಿ, 1927ರ ಜುಲೈ 10ರಂದು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಈ ಎರಡು ಸಂಗತಿಗಳ ನಡುವೆ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೂ ಕನ್ನಡ ಗ್ರಂಥಸಂಪಾದನೆಯ ಚರಿತ್ರೆಯನ್ನು ಬರೆಯುವವರಿಗೆ 1927 ಒಂದು ಅನುಕೂಲವಾದ ಗಡಿಗಲ್ಲಾಗಿ ಒದಗುತ್ತದೆ. ಗಡಿಯ ಆಚೆಗೆ ಆಡಳಿತಗಾರರ, ಮಿಷನರಿಗಳ ಮತ್ತು ಅವರ ನೆರವಿಗೆ ನಿಂತ ಪಂಡಿತರ ಯುಗ. ಈಚೆಗೆ ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳ ಯುಗ.

ಇಂತಹ ವಿಂಗಡಣೆ ಓದುವುದಕ್ಕೆ ಅಚ್ಚುಕಟ್ಟಾಗಿದೆ. ಆದರೆ ಹಳಗನ್ನಡದ ಅತ್ಯಂತ ಮಹತ್ತ್ವದ ಕಾವ್ಯವೊಂದರ ಸಂಪಾದನೆಯೇ ಈ ವಿಂಗಡಣೆಗೆ ಒಗ್ಗುವುದಿಲ್ಲ. ಪಂಪನ ವಿಕ್ರಮಾರ್ಜುನ ವಿಜಯವನ್ನು 1898ರಲ್ಲಿ ಮೊದಲು ಅಚ್ಚಿಗೆ ತಂದವರು ರೈಸ್. 1931ರಲ್ಲಿ ಅದನ್ನು ಮತ್ತೆ ಸಂಪಾದಿಸಿ ಕನ್ನಡ ಸಾಹಿತ್ಯ ಪರಿಷತ್ತಿನ ಮೂಲಕ ಹೊರತಂದವರು ಬೆಳ್ಳಾವೆ ವೆಂಕಟನಾರಣಪ್ಪ. ಮುಂದೆ ಹಲವು ತಲೆಮಾರುಗಳ ವಿದ್ಯಾರ್ಥಿಗಳು ಪಂಪನನ್ನು ಓದಿದ್ದು ಈ ಎರಡನೆಯ ಸಂಪಾದನೆಯ ನೆರವಿನಿಂದ. ವೆಂಕಟನಾರಣಪ್ಪನವರು ಇಲಾಖೆಯ ಅಧಿಕಾರಿಯೂ ಅಲ್ಲ, ಕನ್ನಡ ವಿಭಾಗದ ಪ್ರಾಧ್ಯಾಪಕರೂ ಅಲ್ಲ. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ವಿಜ್ಞಾನದ ಅಧ್ಯಾಪಕರೊಬ್ಬರ ಕೈಗೆ ಆದಿಕವಿಯ ಕೃತಿ ಬಂದದ್ದು ಹೇಗೆ, ಅದು ಸಾಧ್ಯವಾದ ವಾತಾವರಣ ಯಾವುದು, ಆ ವಾತಾವರಣ ಮುಂದೆ ಏನಾಯಿತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಎರಡು ಊರು, ಒಂದು ವಿಶ್ವವಿದ್ಯಾಲಯ

ಸೆಂಟ್ರಲ್ ಕಾಲೇಜಿನ ಮೂಲ 1858ರಲ್ಲಿ ಸ್ಥಾಪಿತವಾದ ಬೆಂಗಳೂರು ಹೈಸ್ಕೂಲು. 1860ರಲ್ಲಿ ಅದರ ಮುಖ್ಯಸ್ಥರಾಗಿ ಬಂದವರು ಇನ್ನೂ ತರುಣರಾಗಿದ್ದ ರೈಸ್ ಅವರೇ. 1875ರಲ್ಲಿ ಅದಕ್ಕೆ ಸೆಂಟ್ರಲ್ ಕಾಲೇಜು ಎಂಬ ಹೆಸರು ಬಂದಿತು. ಹೀಗೆ ಪಂಪಭಾರತದ ಮೊದಲ ಇಬ್ಬರು ಸಂಪಾದಕರೂ ಒಂದೇ ವಿದ್ಯಾಸಂಸ್ಥೆಯ ಅಂಗಳದಲ್ಲಿ ಅಧ್ಯಾಪಕವೃತ್ತಿ ಮಾಡಿದವರೆಂಬುದು ಗಮನಾರ್ಹ. ಇದನ್ನು ಯೋಗಾಯೋಗವೆಂದು ಬಿಟ್ಟುಬಿಡಬಹುದು. ಆದರೆ ಆ ಅಂಗಳದ ಚರಿತ್ರೆಯನ್ನು ನೋಡಿದರೆ ಯೋಗಾಯೋಗಕ್ಕಿಂತ ಹೆಚ್ಚಿನದು ಕಾಣುತ್ತದೆ.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದುವರೆಗೆ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದ ಎರಡು ಕಾಲೇಜುಗಳು ಹೊಸ ವಿಶ್ವವಿದ್ಯಾಲಯದ ಎರಡು ಕಂಬಗಳಾದವು. ಮೈಸೂರಿನ ಮಹಾರಾಜ ಕಾಲೇಜು ಪ್ರಧಾನವಾಗಿ ಕಲಾವಿಷಯಗಳ ಕೇಂದ್ರವಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜು ವಿಜ್ಞಾನದ ಕೇಂದ್ರವಾಯಿತು. ಕಲೆ ಮತ್ತು ವಿಜ್ಞಾನಗಳ ನಡುವಣ ಅಂತರವನ್ನು ಸಾಮಾನ್ಯವಾಗಿ ರೂಪಕವಾಗಿ ಹೇಳುವುದುಂಟು. ಮೈಸೂರು ವಿಶ್ವವಿದ್ಯಾಲಯದಲ್ಲಿ ಅದನ್ನು ಅಳೆಯಬಹುದಾಗಿತ್ತು: ಸುಮಾರು 140 ಕಿಲೋಮೀಟರು.

ಈ ಅಂತರವನ್ನು ತುಂಬಿದ್ದು ವಿಶ್ವವಿದ್ಯಾಲಯದ ನಿಯಮಾವಳಿಯಲ್ಲ, ಅದರ ಹೊರಗೆ ಮತ್ತು ಅಂಚಿನಲ್ಲಿ ಹುಟ್ಟಿಕೊಂಡ ಸಂಸ್ಥೆಗಳು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತ್ತು. ಅದರ ಮೊದಲ ಅಧ್ಯಕ್ಷರಾದ ಎಚ್.ವಿ. ನಂಜುಂಡಯ್ಯನವರೇ ಮರುವರ್ಷ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳೂ ಆದರು. 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಪ್ರಯತ್ನದಿಂದ ಸೆಂಟ್ರಲ್ ಕಾಲೇಜಿನಲ್ಲಿ ಕರ್ಣಾಟಕ ಸಂಘವೂ ಅದರ ಪತ್ರಿಕೆಯಾಗಿ ‘ಪ್ರಬುದ್ಧ ಕರ್ಣಾಟಕ’ವೂ ಆರಂಭವಾದವು. ವಿಜ್ಞಾನದ ಕಾಲೇಜಿನಲ್ಲಿ, ವಿಜ್ಞಾನದ ವಿದ್ಯಾರ್ಥಿಗಳ ನಡುವೆ, ಕನ್ನಡದ ಪ್ರೌಢ ಪತ್ರಿಕೆಯೊಂದು ಹುಟ್ಟಿತೆಂಬುದನ್ನು ಒತ್ತಿ ಹೇಳಬೇಕು. ಕನ್ನಡವು ಅಲ್ಲಿ ಪದವಿಯ ಮುಖ್ಯವಿಷಯವಾಗಿರಲಿಲ್ಲ; ಭಾಷಾಪಾಠವಾಗಿತ್ತು. ಮುಖ್ಯವಿಷಯವಲ್ಲದ್ದರಿಂದಲೇ ಅದು ಯಾವುದೊಂದು ವಿಭಾಗದ ಸೊತ್ತೂ ಆಗಿರಲಿಲ್ಲ. ಸಂಘದ ಸಭೆಗೆ ಬರುವವನು ರಸಾಯನಶಾಸ್ತ್ರದ ವಿದ್ಯಾರ್ಥಿಯಾಗಿರಬಹುದು, ಗಣಿತದ ಅಧ್ಯಾಪಕನಾಗಿರಬಹುದು; ಅಲ್ಲಿ ಅವನು ಹೊರಗಿನವನಲ್ಲ.

ಭೌತಶಾಸ್ತ್ರದ ಅಧ್ಯಾಪಕ, ಆದಿಕವಿಯ ಕೃತಿ

ವೆಂಕಟನಾರಣಪ್ಪನವರು 1872ರಲ್ಲಿ ಹುಟ್ಟಿದವರು. ತುಮಕೂರು ಸೀಮೆಯ ಬೆಳ್ಳಾವೆ ಅವರ ಊರು. ಅವರ ಹೆಸರು ಕನ್ನಡ ವಿಜ್ಞಾನಸಾಹಿತ್ಯದ ಚರಿತ್ರೆಯ ಮೊದಲ ಪುಟದಲ್ಲಿಯೇ ಬರುತ್ತದೆ. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ ಅವರು 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಕನ್ನಡದ ಮೊದಲ ವಿಜ್ಞಾನಪತ್ರಿಕೆಯೆಂದು ಹೆಸರಾದ ಅದು ಎರಡು ವರ್ಷ ನಡೆದು ನಿಂತಿತು. ಮುಂದೆ ಅವರು ‘ಜೀವವಿಜ್ಞಾನ’ವೆಂಬ ಗ್ರಂಥವನ್ನು ರಚಿಸಿದರು, ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟಿನ ಸಂಪಾದನೆಯಲ್ಲಿ ದುಡಿದರು. ಆ ನಿಘಂಟು ಅವರ ಕಾಲಾನಂತರ, 1946ರಲ್ಲಿ, ಪ್ರಕಟವಾಯಿತು. 1937ರಲ್ಲಿ ಜಮಖಂಡಿಯಲ್ಲಿ ಸೇರಿದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿದ್ದರು. ಪಂಪಭಾರತದ ಸಂಪಾದನೆ ಹೊರಬಂದಾಗ ಅವರಿಗೆ ಅರುವತ್ತು ಸಮೀಪಿಸಿತ್ತು.

ಈ ಕೆಲಸಗಳನ್ನು ಬೇರೆಬೇರೆಯಾಗಿ ನೋಡುವುದು ಇಂದಿನ ರೂಢಿ. ವಿಜ್ಞಾನಲೇಖಕರು ‘ವಿಜ್ಞಾನ’ ಪತ್ರಿಕೆಯನ್ನು ನೆನೆಯುತ್ತಾರೆ, ಹಳಗನ್ನಡದ ಅಭ್ಯಾಸಿಗಳು ಪಂಪಭಾರತವನ್ನು. ಆದರೆ ಕೆಲಸ ಮಾಡಿದ ಕೈ ಒಂದೇ. ಕನ್ನಡದಲ್ಲಿ ಭೌತಶಾಸ್ತ್ರವನ್ನೋ ಜೀವಶಾಸ್ತ್ರವನ್ನೋ ಬರೆಯಹೊರಟವನಿಗೆ ಎದುರಾಗುವ ಮೊದಲ ತೊಡಕು ಪದಗಳದ್ದು. ಭಾಷೆಯಲ್ಲಿ ಯಾವ ಪದವಿದೆ, ಅದರ ಹಳೆಯ ಅರ್ಥವ್ಯಾಪ್ತಿ ಎಷ್ಟು, ಯಾವ ಧಾತುವಿನಿಂದ ಏನನ್ನು ಕಟ್ಟಬಹುದು ಎಂಬ ಪ್ರಶ್ನೆಗಳು ಅವನನ್ನು ನಿಘಂಟಿಗೂ ನಿಘಂಟಿನಿಂದ ಹಳೆಯ ಕಾವ್ಯಗಳಿಗೂ ಒಯ್ಯುತ್ತವೆ. ಹಳೆಯ ಕಾವ್ಯದ ಅಚ್ಚಾದ ಪಾಠವು ನಂಬಲರ್ಹವಾಗಿಲ್ಲದಿದ್ದರೆ ಅದರಿಂದ ಎತ್ತಿದ ಪದವೂ ನಂಬಲರ್ಹವಲ್ಲ. ಪತ್ರಿಕೆ, ನಿಘಂಟು, ಗ್ರಂಥಸಂಪಾದನೆ ಈ ಮೂರೂ ಒಂದೇ ಅಗತ್ಯದ ಮೂರು ಮುಖಗಳು.

ವೈಜ್ಞಾನಿಕ ಶಿಸ್ತು ಸಂಪಾದಕನಿಗೆ ನೇರವಾಗಿ ನೆರವಾಯಿತೆಂದು ಸರಳವಾಗಿ ಹೇಳಿಬಿಡುವುದು ಮಾತ್ರ ಸರಿಯಲ್ಲ. ಪ್ರಯೋಗಶಾಲೆಯಲ್ಲಿ ಒಂದು ಅಳತೆಯನ್ನು ಎಷ್ಟು ಬಾರಿ ಬೇಕಾದರೂ ತೆಗೆಯಬಹುದು. ಕವಿ ಬರೆದ ಓಲೆ ಉಳಿದಿಲ್ಲ. ಉಳಿದಿರುವುದು ಶತಮಾನಗಳ ಅನಂತರದ ಪ್ರತಿಗಳು, ಅವೂ ಕೆಲವೇ. ಲಿಪಿಕಾರನ ತಪ್ಪು ಉಪಕರಣದ ತಪ್ಪಿನಂತೆ ಒಂದೇ ದಿಕ್ಕಿಗೆ ವಾಲುವುದಿಲ್ಲ. ಅವನು ಕಣ್ಣಿನಿಂದ ತಪ್ಪುತ್ತಾನೆ, ಕಿವಿಯಿಂದ ತಪ್ಪುತ್ತಾನೆ. ಎಲ್ಲಕ್ಕಿಂತ ಅಪಾಯಕರವಾಗಿ, ಅರ್ಥವಾಗದ್ದನ್ನು ಅರ್ಥವಾಗುವಂತೆ ತಿದ್ದುತ್ತಾನೆ. ಹಳೆಯ ಪ್ರತಿಗಳಲ್ಲಿ ಪಕಾರ ವಕಾರಗಳು ಒಂದನ್ನೊಂದು ಹೋಲುತ್ತವೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಅಸ್ಪಷ್ಟವಾಗಿರುತ್ತದೆ. ಎಕಾರ ಒಕಾರಗಳ ಹ್ರಸ್ವದೀರ್ಘಗಳನ್ನು ಲಿಪಿಯೇ ಗುರುತಿಸುವುದಿಲ್ಲ. ಱಕಾರ ೞಕಾರಗಳು ಮಾತಿನಿಂದ ಮರೆಯಾದ ಮೇಲೆ ಪ್ರತಿ ಮಾಡಿದವರು ಅವುಗಳ ಸ್ಥಾನದಲ್ಲಿ ತಮಗೆ ತೋರಿದ ಅಕ್ಷರವನ್ನು ಬರೆದಿದ್ದಾರೆ.

ಇಲ್ಲಿ ಸಂಪಾದಕನಿಗೆ ಒದಗುವ ಒರೆಗಲ್ಲು ಕಾವ್ಯದೊಳಗೇ ಇದೆ. ಉತ್ಪಲಮಾಲೆಯ ಪ್ರತಿ ಪಾದಕ್ಕೆ 20 ಅಕ್ಷರ, ಚಂಪಕಮಾಲೆಗೆ 21. ಕಂದದಲ್ಲಿ ಮೊದಲ ಪಾದಕ್ಕೆ 12 ಮಾತ್ರೆ, ಎರಡನೆಯದಕ್ಕೆ 20. ಒಂದಕ್ಷರ ಬಿದ್ದುಹೋದರೆ ಲೆಕ್ಕ ತಪ್ಪುತ್ತದೆ, ಲೋಪ ಬಯಲಾಗುತ್ತದೆ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ನಿಲ್ಲುವ ಪ್ರಾಸವು ರಕಾರ ಱಕಾರಗಳ, ಳಕಾರ ೞಕಾರಗಳ ನಡುವೆ ತೀರ್ಪು ಕೊಡುತ್ತದೆ. ಆದರೆ ಚಂಪೂಕಾವ್ಯದಲ್ಲಿ ಪದ್ಯಗಳ ನಡುವೆ ಗದ್ಯವೂ ಇದೆ. ಅಲ್ಲಿ ಛಂದಸ್ಸಿನ ಕಾವಲಿಲ್ಲ. ಇಡೀ ಪದಪುಂಜವೇ ಜಾರಿಹೋದರೂ ಉಳಿದ ವಾಕ್ಯ ಸುಸಂಬದ್ಧವೆಂಬಂತೆ ಕಾಣಬಹುದು. ಆದ್ದರಿಂದ ಗದ್ಯಭಾಗದಲ್ಲಿ ಪ್ರತಿಗಳ ಹೋಲಿಕೆಯ ವಿನಾ ಬೇರೆ ದಾರಿಯಿಲ್ಲ. ಹದಿನಾಲ್ಕು ಆಶ್ವಾಸಗಳ ಕಾವ್ಯವೊಂದನ್ನು ಮತ್ತೆ ಸಂಪಾದಿಸುವುದೆಂದರೆ ಈ ಎರಡು ಬಗೆಯ ಎಚ್ಚರಗಳನ್ನೂ ಪುಟಪುಟಕ್ಕೂ ಉಳಿಸಿಕೊಳ್ಳುವುದು ಎಂದರ್ಥ. ಭೌತಶಾಸ್ತ್ರವು ಇದನ್ನು ಕಲಿಸುವುದಿಲ್ಲ. ಅದು ಕಲಿಸಬಹುದಾದದ್ದು ಒಂದೇ: ತನಗೆ ಒಪ್ಪದ ವಾಚನವನ್ನೂ ಬರೆದಿಡಬೇಕು ಎಂಬ ಪ್ರಾಮಾಣಿಕತೆ. ಪಾಠಾಂತರಗಳನ್ನು ಅಡಿಯಲ್ಲಿ ಕೊಡುವ ಪದ್ಧತಿಯ ಬೆಲೆ ಇರುವುದು ಅಲ್ಲಿಯೇ. ಸಂಪಾದಕನ ತೀರ್ಮಾನ ತಪ್ಪಾಗಿದ್ದರೆ ಅದನ್ನು ತೋರಿಸಿಕೊಡುವ ಸಾಮಗ್ರಿಯನ್ನು ಸಂಪಾದಕನೇ ಓದುಗನ ಕೈಗೆ ಕೊಟ್ಟಿರುತ್ತಾನೆ.

ತರಗತಿಯ ಒತ್ತಡ

ಕನ್ನಡದಲ್ಲಿ ‘ಪಾಠ’ ಎಂಬ ಒಂದೇ ಪದಕ್ಕೆ ಎರಡು ಅರ್ಥಗಳಿವೆ. ತರಗತಿಯಲ್ಲಿ ಹೇಳುವುದೂ ಪಾಠ, ಹಸ್ತಪ್ರತಿಯಲ್ಲಿ ಕಾಣುವುದೂ ಪಾಠ. ಆ ಕಾಲದ ಅಧ್ಯಾಪಕರಿಗೆ ಈ ಎರಡರ ನಡುವೆ ಗೋಡೆಯಿರಲಿಲ್ಲ. ಬೋಧನೆಗೆ ಪುಸ್ತಕ ಬೇಕಾಗಿತ್ತು; ಪುಸ್ತಕವಿರಲಿಲ್ಲ, ಅಥವಾ ಇದ್ದದ್ದು ಅಲಭ್ಯವಾಗಿತ್ತು. ಆದ್ದರಿಂದ ಕಲಿಸುವವರೇ ಸಂಪಾದಿಸಬೇಕಾಯಿತು.

ಈ ಅಗತ್ಯದಿಂದ ಬೆಳೆದ ಗ್ರಂಥಪ್ರಕಾರವೇ ‘ಸಂಗ್ರಹ’. ಟಿ.ಎಸ್. ವೆಂಕಣ್ಣಯ್ಯನವರೂ ಎ.ಆರ್. ಕೃಷ್ಣಶಾಸ್ತ್ರಿಗಳೂ ಸೇರಿ ಸಿದ್ಧಪಡಿಸಿದ ಹರಿಶ್ಚಂದ್ರಕಾವ್ಯ ಸಂಗ್ರಹ ಇದರ ಪ್ರಸಿದ್ಧ ನಿದರ್ಶನ. ದೊಡ್ಡ ಕಾವ್ಯದಿಂದ ಕಥೆಯ ಎಳೆ ಕಡಿಯದಂತೆ ಪದ್ಯಗಳನ್ನು ಆಯ್ದು, ವಿದ್ಯಾರ್ಥಿಯ ಕೈಗೆಟುಕುವ ಗಾತ್ರಕ್ಕೆ ಇಳಿಸುವುದು ಅದರ ಉದ್ದೇಶ. ರಾಘವಾಂಕನು ಓದುಗರ ಮನೆಮನೆಗೆ ತಲುಪಿದ್ದರಲ್ಲಿ ಈ ಸಂಗ್ರಹದ ಪಾಲು ದೊಡ್ಡದು. ಇದಕ್ಕೆ ತೆತ್ತ ಬೆಲೆಯನ್ನೂ ಮರೆಯಬಾರದು. ಯಾವ ಪದ್ಯ ತರಗತಿಗೆ ಬಂತೋ ಅದು ಕಾವ್ಯವೆನಿಸಿತು. ಬಿಟ್ಟುಹೋದದ್ದು ಪರೀಕ್ಷೆಯಿಂದಲೂ ಆಮೇಲೆ ನೆನಪಿನಿಂದಲೂ ಜಾರಿತು. ವರ್ಣನೆಗಳು, ಮತಪ್ರಕ್ರಿಯೆಯ ಭಾಗಗಳು, ಶಾಸ್ತ್ರವಿಚಾರಗಳು ಸಂಗ್ರಹಕಾರನ ಕತ್ತರಿಗೆ ಮೊದಲು ಸಿಗುವಂಥವು. ಒಂದು ತಲೆಮಾರಿನ ಅಭಿರುಚಿಯು ಮುಂದಿನ ಹಲವು ತಲೆಮಾರುಗಳಿಗೆ ಕಾವ್ಯದ ಎಲ್ಲೆಯನ್ನು ಗೊತ್ತುಮಾಡಿತು. ಸಂಗ್ರಹದ ಪಕ್ಕದಲ್ಲಿ ಸಮಗ್ರ ಪಾಠವೂ ಇರಬೇಕಾದ ಅನಿವಾರ್ಯತೆ ಇಲ್ಲಿದೆ. 1931ರ ಪಂಪಭಾರತದಂತಹ ಪೂರ್ಣ ಸಂಪಾದನೆಯ ಮಹತ್ತ್ವವೂ ಇಲ್ಲಿಯೇ ತಿಳಿಯುತ್ತದೆ.

ಬೋಧನೆ ತರಗತಿಗಷ್ಟೇ ಸೀಮಿತವಾಗಿರಲಿಲ್ಲ. 1930ರ ದಶಕದಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಮಾಡುವ ಏರ್ಪಾಡು ನಡೆಯಿತು. ಆ ಉಪನ್ಯಾಸಗಳು ಚಿಕ್ಕ ಪುಸ್ತಕಗಳಾಗಿ ಪ್ರಚಾರೋಪನ್ಯಾಸಮಾಲೆಯಲ್ಲಿ ಹೊರಬಂದವು. ಕಾವ್ಯದ ವಿಷಯವೂ ವಿಜ್ಞಾನದ ವಿಷಯವೂ ಒಂದೇ ಮಾಲೆಯಲ್ಲಿ, ಒಂದೇ ಬಗೆಯ ಹೊದಿಕೆಯಲ್ಲಿ ಓದುಗರಿಗೆ ಸಿಕ್ಕವು. ಕಾಲೇಜಿನೊಳಗೆ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಸುತ್ತಿದ್ದವರಿಗೆ ಹಳ್ಳಿಯ ಸಭೆಯಲ್ಲಿ ಆ ಆಸರೆ ಇರಲಿಲ್ಲ.

ಇದೇ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಸಿ.ಆರ್. ನಾರಾಯಣರಾಯರು 1932ರಲ್ಲಿ ‘ಕರೆಂಟ್ ಸೈನ್ಸ್’ ಎಂಬ ಇಂಗ್ಲಿಷ್ ಪತ್ರಿಕೆಯ ಮೊದಲ ಸಂಪಾದಕರಾದರು. ಅದು ಇಂದಿಗೂ ನಡೆಯುತ್ತಿದೆ. ಕನ್ನಡದ ‘ವಿಜ್ಞಾನ’ ಎರಡೇ ವರ್ಷಕ್ಕೆ ನಿಂತದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಂಶೋಧನೆಯ ಭಾಷೆ ಇಂಗ್ಲಿಷ್ ಎಂಬುದು ವಿಜ್ಞಾನದ ಅಧ್ಯಾಪಕರ ಪಾಲಿಗೆ ಆಗಲೇ ಇತ್ಯರ್ಥವಾಗುತ್ತಿತ್ತು. ವೆಂಕಟನಾರಣಪ್ಪನವರ ಕನ್ನಡದ ದುಡಿಮೆಗೆ ಅವರ ಹುದ್ದೆಯಲ್ಲಿ ಸ್ಥಾನವಿರಲಿಲ್ಲ. ಅದು ಹುದ್ದೆಯ ಹೊರಗಿನ ಬದುಕಿಗೆ ಸೇರಿತ್ತು.

ವಿಭಾಗದ ಹುಟ್ಟು: ಲಾಭ ಮತ್ತು ನಷ್ಟ

1927ರಲ್ಲಿ ಕನ್ನಡ ಎಂ.ಎ. ಆರಂಭವಾದಾಗ ಕುಲಪತಿಗಳಾಗಿದ್ದವರು ಬ್ರಜೇಂದ್ರನಾಥ ಸೀಲ್, ಕುಲಸಚಿವರಾಗಿದ್ದವರು ಬಿ.ಎಂ. ಶ್ರೀಕಂಠಯ್ಯ. ಮೊದಲನೆಯವರು ಪ್ರಾಚೀನ ಭಾರತದ ವಿಜ್ಞಾನಚಿಂತನೆಯನ್ನು ಕುರಿತು ಗ್ರಂಥ ಬರೆದಿದ್ದ ತತ್ತ್ವಜ್ಞರು, ಎರಡನೆಯವರು ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರು. ಕನ್ನಡದ ಉನ್ನತಾಧ್ಯಯನಕ್ಕೆ ಬಾಗಿಲು ತೆರೆದವರು ಕನ್ನಡ ವಿಭಾಗದವರಲ್ಲ, ಏಕೆಂದರೆ ಅಂತಹ ವಿಭಾಗವೇ ಅದುವರೆಗೆ ಇರಲಿಲ್ಲ. ವೆಂಕಣ್ಣಯ್ಯನವರು ಮೊದಲ ಕನ್ನಡ ಪ್ರಾಧ್ಯಾಪಕರಾದರು. ಆ ತರಗತಿಯ ಮೊದಲ ವಿದ್ಯಾರ್ಥಿಗಳಲ್ಲಿ ಕುವೆಂಪು ಅವರೂ ಡಿ.ಎಲ್. ನರಸಿಂಹಾಚಾರ್ಯರೂ ಇದ್ದರು.

ಗ್ರಂಥಸಂಪಾದನೆಯ ದೃಷ್ಟಿಯಿಂದ ಇದರ ಲಾಭ ಅಪಾರ. ನರಸಿಂಹಾಚಾರ್ಯರ ವಡ್ಡಾರಾಧನೆ 1949ರಲ್ಲಿ, ಶಬ್ದಮಣಿದರ್ಪಣ 1959ರಲ್ಲಿ ಬಂದವು. 1964ರಲ್ಲಿ ಬಂದ ‘ಕನ್ನಡ ಗ್ರಂಥಸಂಪಾದನೆ’ ಈ ವಿದ್ಯೆಯ ತತ್ತ್ವಗಳನ್ನು ಕನ್ನಡದ್ದೇ ಉದಾಹರಣೆಗಳಿಂದ ನಿರೂಪಿಸಿತು. ಪಂಪಭಾರತದ ಕ್ಲೇಶಸ್ಥಳಗಳನ್ನು ಒಂದೊಂದಾಗಿ ಬಿಡಿಸಿದ ‘ಪಂಪಭಾರತ ದೀಪಿಕೆ’ 1971ರಲ್ಲಿ ಪ್ರಕಟವಾಯಿತು. ಜೀವನವಿಡೀ ಒಂದೇ ವಿದ್ಯೆಗೆ ತೆತ್ತುಕೊಂಡವರಿಂದ ಮಾತ್ರ ಆಗುವ ಕೆಲಸವಿದು. ಬಿಡುವಿನ ವೇಳೆಯ ಉತ್ಸಾಹದಿಂದ ಇದನ್ನು ಸಾಧಿಸಲಾಗದು. ಹಿಂದಿನವರ ವಿಶಾಲತೆಯನ್ನು ಕೊಂಡಾಡುವ ಭರದಲ್ಲಿ ಈ ಮಾತನ್ನು ಮರೆತರೆ ಅನ್ಯಾಯವಾಗುತ್ತದೆ.

ನಷ್ಟವಾದದ್ದು ಬೇರೊಂದು ಕಡೆ. ಕನ್ನಡವು ಒಂದು ವಿಭಾಗವಾದೊಡನೆ ಉಳಿದ ವಿಭಾಗಗಳವರಿಗೆ ಅದು ಪರಕೀಯ ಕ್ಷೇತ್ರವಾಯಿತು. ಹಳಗನ್ನಡ ಕಾವ್ಯಗಳಾದರೋ ಸಾಹಿತ್ಯ ವಿಭಾಗದ ಎಲ್ಲೆಯೊಳಗೆ ಮುಗಿಯುವಂಥವಲ್ಲ. ಅವುಗಳಲ್ಲಿ ಗಿಡಮರಗಳಿವೆ, ಆನೆ ಕುದುರೆಗಳ ಲಕ್ಷಣಗಳಿವೆ, ಗ್ರಹಗತಿಯಿದೆ, ಲೋಹ ರತ್ನಗಳ ಹೆಸರುಗಳಿವೆ. ವನವರ್ಣನೆಯ ಸಾಲಿನಲ್ಲಿ ಅಪರಿಚಿತವಾದ ಮರದ ಹೆಸರೊಂದು ಬಂದಾಗ ಲಿಪಿಕಾರನು ಅದನ್ನು ತನಗೆ ಗೊತ್ತಿರುವ ಹೆಸರಾಗಿ ತಿದ್ದಿರಬಹುದು; ಮರವನ್ನು ಅರಿಯದ ಸಂಪಾದಕನೂ ಆ ತಿದ್ದುಪಡಿಯನ್ನೇ ಒಪ್ಪಿಬಿಡಬಹುದು. ಕ್ಲಿಷ್ಟವಾದ ಪಾಠವೇ ಸಾಮಾನ್ಯವಾಗಿ ಮೂಲಕ್ಕೆ ಹತ್ತಿರ ಎಂಬ ಸೂತ್ರವನ್ನು ಎಲ್ಲ ಸಂಪಾದಕರೂ ಬಲ್ಲರು. ಆದರೆ ಕ್ಲಿಷ್ಟಪಾಠವು ನಿಜವಾದ ಒಂದು ಮರವನ್ನು ಸೂಚಿಸುತ್ತದೆಯೋ ಅಥವಾ ಬರಿಯ ಲಿಪಿದೋಷವೋ ಎಂದು ಹೇಳಬಲ್ಲವನು ಸಸ್ಯಶಾಸ್ತ್ರಜ್ಞ.

ಅಂತಹವರೊಬ್ಬರು ಸೆಂಟ್ರಲ್ ಕಾಲೇಜಿನಿಂದಲೇ ಬಂದರು. ಅಲ್ಲಿ ಸಸ್ಯಶಾಸ್ತ್ರ ಓದಿ, ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆದ ಬಿ.ಜಿ.ಎಲ್. ಸ್ವಾಮಿ ಅವರನ್ನು ಓದುಗರು ಹೆಚ್ಚಾಗಿ ಬಲ್ಲುದು 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ವಿನಿಂದ. ಪ್ರಸ್ತುತ ವಿಷಯಕ್ಕೆ ಅದಕ್ಕಿಂತ ಮುಖ್ಯವಾದದ್ದು ಅವರ ‘ಶಾಸನಗಳಲ್ಲಿ ಗಿಡಮರಗಳು’. ಶಾಸನಗಳು ಗಡಿ ಗುರುತಿಸುವಾಗ, ದತ್ತಿ ಬಿಡುವಾಗ, ಸುಂಕ ಹೇಳುವಾಗ ಹೆಸರಿಸುವ ಸಸ್ಯಗಳನ್ನು ಸಸ್ಯಶಾಸ್ತ್ರಜ್ಞನ ಕಣ್ಣಿನಿಂದ ನೋಡಿದ ಕೃತಿಯದು. ರೈಸ್ ಅವರ ಕಾಲದಿಂದ ಅಚ್ಚಾಗುತ್ತ ಬಂದ ಶಾಸನಸಂಪುಟಗಳನ್ನು ಭಾಷೆಗಾಗಿ, ರಾಜವಂಶಗಳಿಗಾಗಿ ಓದಿದವರು ಅನೇಕರು. ಮರಗಳಿಗಾಗಿ ಓದಿದವರು ವಿರಳ. ಆದರೆ ಸ್ವಾಮಿಯವರ ಕೆಲಸ ಒಬ್ಬ ವ್ಯಕ್ತಿಯ ಸಾಧನೆಯಾಗಿಯೇ ನಿಂತಿತು. ವೆಂಕಟನಾರಣಪ್ಪನವರ ಬೆನ್ನಿಗೆ ಸಂಘ, ಪರಿಷತ್ತು, ಪತ್ರಿಕೆಗಳ ಒಂದು ಬಳಗವಿತ್ತು. ಅರ್ಧ ಶತಮಾನದ ಅನಂತರ ಅಂತಹ ಬಳಗದ ಸ್ಥಾನವನ್ನು ಬಹುಪಾಲು ವಿಭಾಗಗಳು ಆಕ್ರಮಿಸಿದ್ದವು.

ಉಳಿದಿರುವ ಪ್ರಶ್ನೆ

ಅಕ್ಸ್‌ಬ್ರಿಡ್ಜಿನಲ್ಲಿ ಇಂದು ಬ್ರೂನೆಲ್ ವಿಶ್ವವಿದ್ಯಾಲಯವಿದೆ. ಎಂಜಿನಿಯರೊಬ್ಬರ ಹೆಸರನ್ನು ಹೊತ್ತ ಅದು ತಂತ್ರಜ್ಞಾನದ ಕಾಲೇಜೊಂದರಿಂದ ಬೆಳೆದು 1966ರಲ್ಲಿ ವಿಶ್ವವಿದ್ಯಾಲಯದ ಸನ್ನದು ಪಡೆಯಿತು. ಸಮಾಜವಿಜ್ಞಾನ, ಕಲಾವಿಷಯಗಳು ಒಂದೊಂದಾಗಿ ಅದಕ್ಕೆ ಸೇರುತ್ತ ಬಂದವು. ಮೈಸೂರಿನ ಕಥೆ ಇದಕ್ಕೆ ಬೇರೆ. ಇಲ್ಲಿ ಎರಡೂ ಮೊದಲಿನಿಂದಲೇ ಇದ್ದವು, ಬೇರೆಬೇರೆ ಊರುಗಳಲ್ಲಿ. ಅವು ಒಂದಾದದ್ದು ಕಟ್ಟಡದಲ್ಲಿ ಅಲ್ಲ, ಮಾಡಬೇಕಾಗಿದ್ದ ಕೆಲಸದಲ್ಲಿ.

2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತ ಮೇಲೆ ಹಳೆಯ ಗ್ರಂಥಗಳ ಬಗೆಗೆ ಹೊಸ ಆಸ್ಥೆ ಮೂಡಿದೆ. ಓಲೆಗರಿಗಳ ಛಾಯಾಪ್ರತಿಗಳು, ಗಣಕದಲ್ಲಿ ಹುಡುಕಬಹುದಾದ ಪಠ್ಯಕೋಶಗಳು ಮತ್ತೊಮ್ಮೆ ವಿಜ್ಞಾನದವರನ್ನು ಈ ಕ್ಷೇತ್ರಕ್ಕೆ ಕರೆತರುತ್ತಿವೆ. ಆದರೆ ಅವರು ಬರುತ್ತಿರುವುದು ಹೆಚ್ಚಾಗಿ ಉಪಕರಣವನ್ನು ಒದಗಿಸುವವರಾಗಿ. ಪಾಠವನ್ನು ತೀರ್ಮಾನಿಸುವ ಹೊಣೆ ಅವರದಲ್ಲವೆಂಬ ಭಾವನೆ ಎರಡು ಕಡೆಯೂ ಇದೆ. ಗಣಕಕ್ಕೆ ಏರಿಸಿದ ಪಂಪಭಾರತದಲ್ಲಿ ಪಾಠಾಂತರಗಳನ್ನು ಕೈಬಿಟ್ಟರೆ ಹುಡುಕಾಟ ಸುಲಭವಾಗುತ್ತದೆ, ಎಣಿಕೆಯೂ ಸುಲಭವಾಗುತ್ತದೆ. ಆದರೆ ಅಡಿಯಲ್ಲಿದ್ದ ಆ ಸಣ್ಣ ಅಕ್ಷರದ ಸಾಲುಗಳೊಡನೆ ಸಂಪಾದಕನ ತೀರ್ಮಾನವನ್ನು ಪ್ರಶ್ನಿಸುವ ಅವಕಾಶವೂ ಓದುಗನ ಕೈತಪ್ಪುತ್ತದೆ. ಅಲ್ಲಿಂದ ಎತ್ತಿದ ಪ್ರತಿಯೊಂದು ಪದಪಟ್ಟಿಯೂ ಪ್ರತಿಯೊಂದು ಅಂಕಿಸಂಖ್ಯೆಯೂ ಯಾರದೋ ಒಂದು ಆಯ್ಕೆಯನ್ನು ಕವಿಯ ಮಾತೆಂದೇ ನಂಬಿ ನಡೆಯುತ್ತದೆ.

ಭೌತಶಾಸ್ತ್ರದ ಅಧ್ಯಾಪಕರೊಬ್ಬರು ಪಂಪನನ್ನು ಸಂಪಾದಿಸಿದ್ದನ್ನು ಇಂದು ಕುತೂಹಲದ ಸಂಗತಿಯಾಗಿ ಹೇಳಲಾಗುತ್ತದೆ. 1931ರಲ್ಲಿ ಅದು ಅಷ್ಟೇನೂ ವಿಚಿತ್ರವೆನಿಸಿರಲಾರದು. ಕನ್ನಡದಲ್ಲಿ ಉಷ್ಣವನ್ನೂ ಬೆಳಕನ್ನೂ ಜೀವಕೋಶವನ್ನೂ ಕುರಿತು ಬರೆಯಬೇಕಾಗಿದ್ದವರಿಗೆ, ಕನ್ನಡ ಪದವೊಂದು ಸಾವಿರ ವರ್ಷಗಳ ಹಿಂದೆ ಯಾವ ರೂಪದಲ್ಲಿತ್ತೆಂದು ತಿಳಿಯುವುದು ತಮ್ಮದೇ ಕೆಲಸದ ಭಾಗವಾಗಿತ್ತು.